ಸಂಧಿವಾತವೂ ಗಣಕದ ದಾಖಲೆಯೂ

ಉಡುಪಿಯಿಂದ ತೆಂಕಣಕ್ಕೆ, ಕಾಪು ತಾಲ್ಲೂಕಿನ ಶಂಕರಪುರದ ಮಲ್ಲಿಗೆಯ ಹೆಸರನ್ನು ಕೇಳದವರು ವಿರಳ. ಮೊಗ್ಗು ಅರಳುವ ಮುನ್ನ, ಬೆಳಗಿನ ಹೊತ್ತಿನಲ್ಲಿಯೇ ಅದನ್ನು ಕೊಯ್ಯಬೇಕು. ಬಾಳೆಯ ನಾರಿನಲ್ಲಿ ಒಂದೊಂದಾಗಿ ಕಟ್ಟಬೇಕು. ಪೇಟೆಗೆ ಹೂವು ಹೊರಡುವ ಮೊದಲು ಚೆಂಡು, ಅಟ್ಟೆಗಳ ಲೆಕ್ಕ ಮುಗಿಯಬೇಕು. ಈ ಕಸುಬಿನ ಬಂಡವಾಳವೆಂದರೆ ಹತ್ತು ಬೆರಳುಗಳು. ಕಾರ್ಕಳದ ಕಡೆ ಮನೆಯಲ್ಲಿ ಕುಳಿತು ಬೀಡಿ ಕಟ್ಟುವ ಹೆಂಗಸರ ಬಂಡವಾಳವೂ ಅದೇ.

ಇಂತಹ ಮನೆಯೊಂದರ ಗೃಹಿಣಿಯನ್ನು ಊಹಿಸಿಕೊಳ್ಳೋಣ. ಆಕೆಯ ವಯಸ್ಸು 40. ಕೆಲವು ವಾರಗಳಿಂದ, ಬೆಳಗ್ಗೆ ಏಳುವಾಗ ಬೆರಳುಗಳು ಮಡಿಸಲಾರದಷ್ಟು ಬಿಗಿದಿರುತ್ತವೆ. ಎರಡೂ ಕೈಗಳ ಗಿಣ್ಣುಗಳು ಊದಿಕೊಂಡಿವೆ. ಗಂಟೆಯೊಂದು ಕಳೆದ ಮೇಲೆ ಬಿಗಿತ ಸಡಿಲುತ್ತದೆ. ಆದರೆ ಮಲ್ಲಿಗೆ ಆ ಒಂದು ಗಂಟೆ ಕಾಯುವುದಿಲ್ಲ. ಐದು ವರ್ಷಗಳ ತರುವಾಯವೂ ಈಕೆ ಹೂ ಕಟ್ಟುತ್ತಿರುವಳೇ? ಇದನ್ನು ನಿರ್ಧರಿಸುವುದು ಔಷಧವೆಂದು ನಾವು ಭಾವಿಸುತ್ತೇವೆ. ಅದು ಅರ್ಧ ಸತ್ಯ. ಉಳಿದರ್ಧವಿರುವುದು ಆಕೆಯ ಕೀಲುಗಳ ಸ್ಥಿತಿಯನ್ನು ಯಾರು, ಯಾವಾಗ ಅಳೆದು ಬರೆದಿಟ್ಟರು, ಬರೆದುದನ್ನು ನೋಡಿ ಏನು ಮಾಡಿದರು ಎಂಬುದರಲ್ಲಿ.

ತನ್ನ ಮೇಲೆ ತಾನೇ ಮುನಿದ ದೇಹ

ಸಂಧಿವಾತದಲ್ಲಿ ಹಲವು ಬಗೆ. ವಯಸ್ಸಾದಂತೆ ಮೃದ್ವಸ್ಥಿ ಸವೆದು ಮೊಣಕಾಲು ನೋಯುವುದು ಒಂದು ಬಗೆ. ನಾವು ಇಲ್ಲಿ ಹೇಳುತ್ತಿರುವ ರುಮಟಾಯ್ಡ್ ಸಂಧಿವಾತ ಬೇರೊಂದು ಬಗೆ. ಇದು ಸವೆತದ ಫಲವಲ್ಲ. ರೋಗಾಣುಗಳೊಡನೆ ಹೋರಾಡಬೇಕಾದ ರಕ್ಷಣಾ ವ್ಯವಸ್ಥೆಯೇ ದಾರಿತಪ್ಪಿ, ಕೀಲಿನ ಒಳಗಡೆ ಇರುವ ಸೈನೋವಿಯಮ್ ಎಂಬ ತೆಳುಪೊರೆಯ ಮೇಲೆ ದಾಳಿಯಿಡುತ್ತದೆ. ಪೊರೆ ಊದಿ ದಪ್ಪನಾಗಿ, ಕ್ರಮೇಣ ಮೃದ್ವಸ್ಥಿಯನ್ನೂ ಎಲುಬನ್ನೂ ಕೊರೆಯುತ್ತದೆ. ನೂರು ಜನ ವಯಸ್ಕರಲ್ಲಿ ಸುಮಾರು ಒಬ್ಬರಿಗೆ, ಅಥವಾ ಅದಕ್ಕಿಂತ ತುಸು ಕಡಮೆ ಜನರಿಗೆ, ಈ ರೋಗ ಬರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು.

ಎಲುಬಿನ ಕೊರೆತ ಅನೇಕರಲ್ಲಿ ಮೊದಲ ಎರಡು ವರ್ಷಗಳಲ್ಲಿಯೇ ಆರಂಭವಾಗುತ್ತದೆ. ಒಮ್ಮೆ ಕೊರೆದ ಎಲುಬು ಮತ್ತೆ ಮೊದಲಿನಂತಾಗದು. ಆದುದರಿಂದ ಈ ರೋಗದಲ್ಲಿ ಕಾಲವೇ ಬಹು ಬೆಲೆಯುಳ್ಳ ವಸ್ತು.

ಇದಕ್ಕೆ ಮೊದಲಿಗೆ ಕೊಡುವ ಮುಖ್ಯ ಔಷಧ ಮೆಥೊಟ್ರೆಕ್ಸೇಟ್. ಆಂಧ್ರದಲ್ಲಿ ಹುಟ್ಟಿದ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ಅವರು ಮುನ್ನಡೆಸುತ್ತಿದ್ದ ಅಮೆರಿಕದ ಲೆಡರ್ಲೆ ಪ್ರಯೋಗಶಾಲೆಯಲ್ಲಿ 1940ರ ದಶಕದಲ್ಲಿ ರೂಪುಗೊಂಡ ಔಷಧವಿದು. ಮೊದಲು ರಕ್ತದ ಕ್ಯಾನ್ಸರಿಗೆ ಬಳಸುತ್ತಿದ್ದ ಇದನ್ನು, 1988ರಲ್ಲಿ ಅಮೆರಿಕ ಸರ್ಕಾರ ಸಂಧಿವಾತಕ್ಕೂ ಅಂಗೀಕರಿಸಿತು. ಇದನ್ನು ವಾರಕ್ಕೆ ಒಂದೇ ದಿನ ಸೇವಿಸಬೇಕು. ತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಯಕೃತ್ತು ಮತ್ತು ರಕ್ತಕಣಗಳ ಸ್ಥಿತಿಯನ್ನು ಕಾಲಕಾಲಕ್ಕೆ ಪರೀಕ್ಷಿಸುತ್ತಿರಬೇಕು. ಗರ್ಭಿಣಿಯರಿಗೆ ಇದು ವರ್ಜ್ಯ. ಹೀಗೆ, ಔಷಧದ ಜೊತೆಜೊತೆಗೇ ನೆನಪಿಡಬೇಕಾದ ಸಂಗತಿಗಳ ಪಟ್ಟಿಯೂ ಬೆಳೆಯುತ್ತ ಹೋಗುತ್ತದೆ.

ನೋವನ್ನು ಅಳೆಯಬಹುದೇ?

ಜ್ವರಕ್ಕೆ ಉಷ್ಣಮಾಪಕವಿದೆ. ಸಂಧಿವಾತಕ್ಕೆ ಅಂತಹ ಒಂದೇ ಉಪಕರಣವಿಲ್ಲ; ಆದರೆ ಎಣಿಕೆಯುಂಟು. ವೈದ್ಯರು 28 ಕೀಲುಗಳನ್ನು ಮುಟ್ಟಿ ನೋಡುತ್ತಾರೆ: ಭುಜ ಎರಡು, ಮೊಣಕೈ ಎರಡು, ಮಣಿಕಟ್ಟು ಎರಡು, ಮೊಣಕಾಲು ಎರಡು, ಎರಡೂ ಕೈಗಳ ಬೆರಳುಗಳ ಬುಡದಲ್ಲಿ ಹತ್ತು, ಬೆರಳುಗಳ ನಡುವೆ ಹತ್ತು. ಒತ್ತಿದರೆ ನೋಯುವ ಕೀಲುಗಳು ಎಷ್ಟು, ಊದಿದವು ಎಷ್ಟು ಎಂದು ಬರೆಯುತ್ತಾರೆ. ರೋಗದ ತೀವ್ರತೆಗೆ ರೋಗಿಯೂ ವೈದ್ಯರೂ ಪ್ರತ್ಯೇಕವಾಗಿ 0ಯಿಂದ 10ರವರೆಗೆ ಅಂಕ ಕೊಡುತ್ತಾರೆ. ಈ ನಾಲ್ಕು ಸಂಖ್ಯೆಗಳ ಮೊತ್ತವೇ ರೋಗದ ಅಳತೆ.

ನಮ್ಮ ಗೃಹಿಣಿಯಲ್ಲಿ ನೋಯುವ ಕೀಲು 8, ಊದಿದ್ದು 6, ಆಕೆಯ ಅಂಕ 6, ವೈದ್ಯರ ಅಂಕ 5 ಎಂದಿಟ್ಟುಕೊಳ್ಳೋಣ. ಮೊತ್ತ 25. ಮೊತ್ತವು 22ನ್ನು ಮೀರಿದರೆ ರೋಗ ತೀವ್ರವಾಗಿದೆ ಎಂದರ್ಥ. 10ಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದರೆ ಸೌಮ್ಯ, 2.8ನ್ನು ಮೀರದಿದ್ದರೆ ಅಡಗಿದೆಯೆಂದೇ ಲೆಕ್ಕ. ಮೂರು ತಿಂಗಳಲ್ಲಿ ಮೊತ್ತ ಗಮನಾರ್ಹವಾಗಿ ಇಳಿಯದಿದ್ದರೆ, ಅಥವಾ ಆರು ತಿಂಗಳಲ್ಲಿ ಗುರಿ ಮುಟ್ಟದಿದ್ದರೆ, ಚಿಕಿತ್ಸೆಯನ್ನು ಬದಲಿಸಬೇಕೆಂಬುದು ಇಂದಿನ ನಿಯಮ.

ಈ ಎಣಿಕೆಯಿಂದ ನಿಜವಾಗಿ ಪ್ರಯೋಜನವುಂಟೇ? ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದಕ್ಕೆ ಉತ್ತರ ಕೊಟ್ಟಿತು. ಸುಮಾರು 110 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ವಾಡಿಕೆಯ ಚಿಕಿತ್ಸೆ, ಮೂರು ತಿಂಗಳಿಗೊಮ್ಮೆ ಭೇಟಿ. ಇನ್ನೊಂದು ಗುಂಪಿನವರ ಕೀಲುಗಳನ್ನು ಪ್ರತಿ ತಿಂಗಳೂ ಅಳೆದು, ಗುರಿ ಮುಟ್ಟದಿದ್ದಲ್ಲಿ ಮೊದಲೇ ಗೊತ್ತುಮಾಡಿದ ಕ್ರಮದಂತೆ ಚಿಕಿತ್ಸೆಯನ್ನು ಬಲಪಡಿಸಿದರು. ಎರಡು ಗುಂಪಿಗೂ ದೊರೆಯುತ್ತಿದ್ದುದು ಬಹುಮಟ್ಟಿಗೆ ಅವೇ ಹಳೆಯ ಔಷಧಗಳು. ಹದಿನೆಂಟು ತಿಂಗಳ ಬಳಿಕ ವಾಡಿಕೆಯ ಗುಂಪಿನಲ್ಲಿ ನೂರಕ್ಕೆ 16 ಜನರಲ್ಲಿ ರೋಗ ಅಡಗಿತ್ತು. ಅಳೆದ ಗುಂಪಿನಲ್ಲಿ ನೂರಕ್ಕೆ 65 ಜನರಲ್ಲಿ! ಹೊಸ ಔಷಧವಿಲ್ಲದೆ, ಕ್ರಮವೊಂದರಿಂದಲೇ ಬಂದ ಅಂತರವಿದು.

ಕಾಗದ ಸೋಲುವ ಬಗೆ

ಗ್ಲಾಸ್ಗೋವಿನಲ್ಲಿ ಆದುದು ಇಲ್ಲಿಯೂ ಆಗಬೇಡವೇ? ಆಗಬೇಕಾದರೆ ಅಂಕಿಗಳು ರೋಗಿಯೊಡನೆ ಪಯಣಿಸಬೇಕು. ನಮ್ಮ ಗೃಹಿಣಿ ಮೊದಲು ಕಾಪುವಿನ ವೈದ್ಯರಲ್ಲಿಗೆ ಹೋಗುತ್ತಾಳೆ. ರಕ್ತಪರೀಕ್ಷೆ ಉಡುಪಿಯಲ್ಲಿ, ತಜ್ಞರ ಸಲಹೆ ಮಣಿಪಾಲದಲ್ಲಿ. 1953ರಲ್ಲಿ ಡಾ. ಟಿ. ಎಂ. ಎ. ಪೈ ಅವರು ಸ್ಥಾಪಿಸಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಇರುವ ಆ ಊರು ಉಡುಪಿಯಿಂದ ಐದಾರು ಕಿಲೋಮೀಟರು. ಕಾರ್ಕಳದ ತವರಿಗೆ ಹೋದಾಗ ನೋವು ಕೆರಳಿದರೆ ಅಲ್ಲಿಯ ಆಸ್ಪತ್ರೆ. ನಾಲ್ಕು ಕಡೆ ನಾಲ್ಕು ಚೀಟಿ. ಒಂದು ಮಳೆಯಲ್ಲಿ ನೆನೆಯಿತು. ಇನ್ನೊಂದು ಮನೆಯಲ್ಲಿಯೇ ಉಳಿಯಿತು. "ಕಳೆದ ಸಲಕ್ಕಿಂತ ಹೇಗಿದೆ?" ಎಂದು ವೈದ್ಯರು ಕೇಳಿದರೆ, "ಸ್ವಲ್ಪ ಅಡ್ಡಿಯಿಲ್ಲ" ಎಂಬ ಉತ್ತರವೊಂದೇ ಆಧಾರ. 25 ಇದ್ದುದು 21ಕ್ಕೆ ಇಳಿದರೂ ಅಡ್ಡಿಯಿಲ್ಲವೇ, 5ಕ್ಕೆ ಇಳಿದರೂ ಅಡ್ಡಿಯಿಲ್ಲವೇ!

ತೊಡಕು ಹೊಸದಲ್ಲ. ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಹಿಂದೆ ಪ್ರತಿಯೊಬ್ಬ ವೈದ್ಯನೂ ತನ್ನದೇ ಪುಸ್ತಕವನ್ನಿಟ್ಟುಕೊಂಡಿದ್ದನು. 1907ರಲ್ಲಿ ಹೆನ್ರಿ ಪ್ಲಮ್ಮರ್ ಎಂಬ ವೈದ್ಯನು ಒಬ್ಬ ರೋಗಿಗೆ ಒಂದೇ ಸಂಖ್ಯೆ, ಒಂದೇ ಕಡತ ಎಂಬ ಪದ್ಧತಿಯನ್ನು ತಂದನು. ಗಣಕದ ದಾಖಲೆ ಈ ವಿಚಾರದ ಮುಂದುವರಿಕೆಯೇ. ಭಾರತ ಸರ್ಕಾರವು ಇಂತಹ ದಾಖಲೆಗಳಿಗೆ 2013ರಲ್ಲಿ ಮಾನಕಗಳನ್ನು ಪ್ರಕಟಿಸಿ, 2016ರಲ್ಲಿ ಪರಿಷ್ಕರಿಸಿತು. 2021ರ ಸೆಪ್ಟೆಂಬರಿನಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶಾದ್ಯಂತ ಆರಂಭವಾಯಿತು. ಇದರಲ್ಲಿ ಆಭಾ ಎಂಬ 14 ಅಂಕಿಗಳ ಸಂಖ್ಯೆಯನ್ನು ಪಡೆದವರು, ತಮ್ಮ ಒಪ್ಪಿಗೆಯ ಮೇರೆಗೆ, ಯೋಜನೆಗೆ ಸೇರಿದ ಆಸ್ಪತ್ರೆಗಳ ದಾಖಲೆಗಳನ್ನು ಒಂದಕ್ಕೊಂದು ಜೋಡಿಸಿಕೊಳ್ಳಬಹುದು.

ಗಣಕವು ಕಾಗದಕ್ಕಿಂತ ಮೇಲಾಗುವುದು ಅಕ್ಷರ ಅಂದವಾಗಿರುವುದರಿಂದಲ್ಲ. ಹಿಂದಿನ ಅಂಕಗಳನ್ನು ರೇಖಾಚಿತ್ರವಾಗಿ ತೋರಿಸಬಲ್ಲುದು. ರಕ್ತಪರೀಕ್ಷೆಯ ದಿನ ಕಳೆದವರ ಪಟ್ಟಿಯನ್ನು ತಾನಾಗಿ ತೆಗೆಯಬಲ್ಲುದು. ಮೆಥೊಟ್ರೆಕ್ಸೇಟಿನ ಮುಂದೆ "ದಿನವೂ" ಎಂದು ಯಾರಾದರೂ ಬರೆದರೆ ತಡೆದು ಎಚ್ಚರಿಸಬಲ್ಲುದು. ಆದರೆ ಈ ಕೆಲಸಗಳನ್ನು ಅದಕ್ಕೆ ಮೊದಲೇ ಒಪ್ಪಿಸಿರಬೇಕು.

ಕ್ರಮವನ್ನು ತಿದ್ದುವ ಕ್ರಮ

ಯಂತ್ರವನ್ನು ತಂದಿಟ್ಟ ಮಾತ್ರಕ್ಕೆ ಚಿಕಿತ್ಸೆ ಉತ್ತಮಗೊಳ್ಳದು. ಕೀಲುಗಳನ್ನು ಎಣಿಸುವವರೇ ಇಲ್ಲದಿದ್ದರೆ ಗಣಕದಲ್ಲಿ ತುಂಬುವುದಾದರೂ ಏನನ್ನು? ಇಲ್ಲಿ ನೆರವಿಗೆ ಬರುವುದು ಕಾರ್ಖಾನೆಗಳಿಂದ ಬಂದ ವಿದ್ಯೆ. 1924ರಲ್ಲಿ ವಾಲ್ಟರ್ ಶೂಹಾರ್ಟ್ ಎಂಬ ವಿಜ್ಞಾನಿ ಅಮೆರಿಕದ ದೂರವಾಣಿ ಉದ್ಯಮದಲ್ಲಿ, ತಯಾರಿಕೆಯ ದೋಷಗಳನ್ನು ನಕ್ಷೆಯ ಮೇಲೆ ಗುರುತಿಸುತ್ತ ಕಾರಣಗಳನ್ನು ಹುಡುಕುವ ವಿಧಾನವನ್ನು ರೂಪಿಸಿದನು. ಅದರಿಂದ ಬೆಳೆದ ಸೂತ್ರ ಸರಳ: ಯೋಜಿಸು, ಮಾಡು, ಪರಿಶೀಲಿಸು, ತಿದ್ದು, ಮತ್ತೆ ಮೊದಲಿನಿಂದ.

ಒಂದು ಆಸ್ಪತ್ರೆಗೆ ತಿಂಗಳಲ್ಲಿ 40 ಸಂಧಿವಾತ ರೋಗಿಗಳು ಬಂದರು, ಅವರಲ್ಲಿ 12 ಜನರ ಕಡತದಲ್ಲಿ ಮಾತ್ರ ಕೀಲುಗಳ ಎಣಿಕೆಯಿದೆ ಎಂದು ಭಾವಿಸೋಣ. ವೈದ್ಯರನ್ನು ದೂರುವುದು ಸುಲಭ. ಆದರೆ ಏಕೆಂದು ವಿಚಾರಿಸಿದರೆ ಸರತಿಯ ಸಾಲು ಉದ್ದ, ಸಮಯ ಸಾಲದು ಎಂಬುದು ತಿಳಿಯುತ್ತದೆ. ಹಾಗಾದರೆ ತರಬೇತಿ ಪಡೆದ ದಾದಿ ಮೊದಲೇ ಎಣಿಸಿಡಲಿ. ರೋಗಿಯು ಕಾಯುವ ಹೊತ್ತಿನಲ್ಲಿಯೇ ತನ್ನ ಅಂಕವನ್ನು ಹೇಳಲಿ. ಡೆನ್ಮಾರ್ಕಿನಲ್ಲಿ 2000ದಲ್ಲಿ ಆರಂಭವಾದ ಡ್ಯಾನ್‌ಬಯೊ ಎಂಬ ರಾಷ್ಟ್ರೀಯ ದಾಖಲೆಗೆ ರೋಗಿಗಳು ಕಾಯುವ ಕೊಠಡಿಯಲ್ಲಿ ತಾವೇ ಪರದೆಯನ್ನು ಮುಟ್ಟಿ ಉತ್ತರ ತುಂಬುವ ಏರ್ಪಾಡು ಬಂದಿದೆ. ನಮ್ಮ ಕರಾವಳಿಯಲ್ಲಾದರೆ ಆ ಪ್ರಶ್ನೆ ಕನ್ನಡದಲ್ಲಷ್ಟೇ ಅಲ್ಲ, ತುಳು, ಕೊಂಕಣಿ, ಬ್ಯಾರಿ ಮಾತುಗಳಲ್ಲಿಯೂ ಇರಬೇಕು. ಓದಲಾರದವರಿಗೆ ಓದಿ ಹೇಳುವವರು ಬೇಕು. ಮುಂದಿನ ತಿಂಗಳು ಮತ್ತೆ ಎಣಿಸಬೇಕು. 12 ಇದ್ದುದು 30 ಆದರೆ ದಾರಿ ಸರಿ. ಆಗದಿದ್ದರೆ ಇನ್ನೊಂದು ಉಪಾಯವನ್ನು ನೋಡಬೇಕು.

ಎಚ್ಚರಿಕೆಗಳೂ ಇಲ್ಲದಿಲ್ಲ. ತಪ್ಪು ತುಂಬಿದರೆ ಗಣಕವು ತಪ್ಪನ್ನೇ ನಾಲ್ಕು ಊರಿಗೆ ಒಯ್ಯುತ್ತದೆ. ಎಚ್ಚರಿಕೆಯ ಸಂದೇಶಗಳು ಅತಿಯಾದರೆ ಯಾರೂ ಅವನ್ನು ಓದುವುದಿಲ್ಲ. ರೋಗದ ವಿವರ ರೋಗಿಯ ಸ್ವಂತದ್ದು. ಆಕೆಯ ಒಪ್ಪಿಗೆಯಿಲ್ಲದೆ ಅದು ಕೈಯಿಂದ ಕೈಗೆ ಹೋಗಕೂಡದು. ವೈಯಕ್ತಿಕ ದತ್ತಾಂಶದ ರಕ್ಷಣೆಗೆಂದು 2023ರಲ್ಲಿ ಸಂಸತ್ತು ಕಾನೂನನ್ನೇ ಮಾಡಿದೆ. ಇನ್ನು, ಪರದೆಯನ್ನೇ ನೋಡುತ್ತ ರೋಗಿಯ ಕೈಯನ್ನು ಮುಟ್ಟದ ವೈದ್ಯರಿಗೆ ಯಾವ ದಾಖಲೆಯೂ ನೆರವಾಗದು.

ಈ ಕ್ರಮವೆಲ್ಲ ಎಲ್ಲೆಡೆ ನೆಲೆಗೊಳ್ಳುವವರೆಗೆ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೊಂದಿದೆ. ಮನೆಯಲ್ಲಿ ಅಮ್ಮನಿಗೋ ಅಜ್ಜಿಗೋ ಈ ರೋಗವಿದ್ದರೆ ಒಂದು ನೋಟುಪುಸ್ತಕದಲ್ಲಿ ಐದು ಅಂಕಣಗಳನ್ನು ಗೆರೆ ಎಳೆಯಿರಿ: ತಾರೀಕು, ಬೆಳಗಿನ ಬಿಗಿತ ಎಷ್ಟು ಹೊತ್ತು, ನೋಯುವ ಕೀಲುಗಳೆಷ್ಟು, ವಾರದ ಔಷಧ ಯಾವ ದಿನ, ಮುಂದಿನ ರಕ್ತಪರೀಕ್ಷೆ ಎಂದು. ಚೀಟಿಗಳನ್ನು ತಾರೀಕಿನ ಕ್ರಮದಲ್ಲಿ ಜೋಡಿಸಿ, ಮಳೆಗೆ ನೆನೆಯದಂತೆ ಇಡಿ. ವೈದ್ಯರಲ್ಲಿಗೆ ಹೋಗುವಾಗ ಅದನ್ನು ಒಯ್ಯಿರಿ. "ಹೇಗಿದೆ?" ಎಂಬ ಪ್ರಶ್ನೆಗೆ ಆಗ "ಸ್ವಲ್ಪ ಅಡ್ಡಿಯಿಲ್ಲ" ಎನ್ನುವುದರ ಬದಲು ಒಂದು ಸಂಖ್ಯೆಯನ್ನು ಹೇಳಲು ಸಾಧ್ಯವಾಗುತ್ತದೆ, ಆ ಸಂಖ್ಯೆಯಿಂದ ಮುಂದಿನ ಹೆಜ್ಜೆ ಯಾವುದೆಂದು ನಿರ್ಧರಿಸುವುದೂ ಸಾಧ್ಯವಾಗುತ್ತದೆ.