ವಿಪತ್ತು-ಪುನಃಸ್ಥಾಪನೆ ಮತ್ತು ವ್ಯವಹಾರ-ಸಾತತ್ಯ

ಸಂಸ್ಥೆಯೊಂದರ ಕಂಪ್ಯೂಟರುಗಳು ಹಠಾತ್ತನೆ ಸ್ತಬ್ಧವಾದಾಗ ಎರಡು ಪ್ರಶ್ನೆಗಳು ಏಳುತ್ತವೆ. ಯಂತ್ರಗಳನ್ನೂ ಅವುಗಳಲ್ಲಿದ್ದ ದತ್ತಾಂಶವನ್ನೂ ಮರಳಿ ಪಡೆಯುವುದು ಹೇಗೆಂಬುದು ಮೊದಲನೆಯದು. ಅವು ಮರಳುವವರೆಗೆ ಕಾರ್ಯವನ್ನು ನಡೆಸಿಕೊಂಡು ಹೋಗುವುದು ಹೇಗೆಂಬುದು ಎರಡನೆಯದು. ಮೊದಲನೆಯದರ ಉತ್ತರವನ್ನು ವಿಪತ್ತು-ಪುನಃಸ್ಥಾಪನೆಯೆಂದೂ ಎರಡನೆಯದರ ಉತ್ತರವನ್ನು ವ್ಯವಹಾರ-ಸಾತತ್ಯವೆಂದೂ ಕರೆಯಬಹುದು. ಇವೆರಡರ ಭೇದವನ್ನೂ ಸಂಬಂಧವನ್ನೂ ಒಂದು ನಿದರ್ಶನದ ಮೂಲಕ ವಿಶದಪಡಿಸುವುದು ನಮ್ಮ ಉದ್ದೇಶ.

ಡೆನ್ಮಾರ್ಕಿನ ಪ್ರಸಿದ್ಧ ಹಡಗು ಸಂಸ್ಥೆಯಾದ ಮೇರ್ಸ್ಕ್, 2017ನೆಯ ಜೂನ್ 27ರಂದು ‘ನಾಟ್‌ಪೆಟ್ಯ’ ಎಂಬ ವಿನಾಶಕ ತಂತ್ರಾಂಶಕ್ಕೆ ತುತ್ತಾಯಿತು. ಉಕ್ರೇನಿನಲ್ಲಿ ಬಳಕೆಯಲ್ಲಿದ್ದ ಲೆಕ್ಕಪತ್ರದ ತಂತ್ರಾಂಶವೊಂದರ ಮೂಲಕ ಒಳಹೊಕ್ಕ ಅದು ಸಂಸ್ಥೆಯ ಜಾಲವನ್ನೆಲ್ಲ ವ್ಯಾಪಿಸಿತು. ಬಂದರುಗಳ ಬಾಗಿಲಲ್ಲಿ ಲಾರಿಗಳು ಸಾಲುಗಟ್ಟಿ ನಿಂತವು. ಯಾರಿಗೆ ಯಾವ ಪ್ರವೇಶಾಧಿಕಾರವುಂಟೆಂಬ ದಾಖಲೆಯನ್ನಿಟ್ಟು ಇಡೀ ಜಾಲವನ್ನು ನಿಯಂತ್ರಿಸುವ ಸರ್ವರುಗಳು ಸುಮಾರು 150 ಇದ್ದವು. ಒಂದರಲ್ಲಿದ್ದುದು ಉಳಿದವುಗಳಲ್ಲಿಯೂ ಇರುತ್ತಿತ್ತು. ಆದರೆ ಎಲ್ಲವೂ ಒಮ್ಮೆಗೇ ಅಳಿಸಿಹೋಗುವ ಸಂಭವವನ್ನು ಆ ಏರ್ಪಾಡು ಗಣಿಸಿರಲಿಲ್ಲ. ಕೊನೆಗೆ ಘಾನಾ ದೇಶದ ಕಚೇರಿಯಲ್ಲಿ ಒಂದು ಸರ್ವರು ಮಾತ್ರ ಉಳಿದಿತ್ತು. ಅದನ್ನು ಕಾಪಾಡಿದ್ದು ಯೋಜನೆಯಲ್ಲ. ವಿದ್ಯುತ್ತು ಕಡಿದುಹೋಗಿ ಆ ವೇಳೆಗೆ ಅದು ಜಾಲದಿಂದ ಬೇರ್ಪಟ್ಟಿದ್ದುದೇ ಕಾರಣ. ಅದರ ದತ್ತಾಂಶವನ್ನು ವಿಮಾನದಲ್ಲಿ ಇಂಗ್ಲೆಂಡಿಗೆ ಒಯ್ಯಲಾಯಿತು. ಹತ್ತು ದಿನಗಳಲ್ಲಿ 4,000 ಸರ್ವರುಗಳನ್ನೂ 45,000 ಕಂಪ್ಯೂಟರುಗಳನ್ನೂ ಹೊಸದಾಗಿ ಸಜ್ಜುಗೊಳಿಸಲಾಯಿತು. ನಷ್ಟವನ್ನು ಸಂಸ್ಥೆಯು 25ರಿಂದ 30 ಕೋಟಿ ಡಾಲರುಗಳೆಂದು ಅಂದಾಜು ಮಾಡಿತು.

ಇಷ್ಟೂ ಪುನಃಸ್ಥಾಪನೆಯ ಕಥೆ. ಆ ಹತ್ತು ದಿನಗಳಲ್ಲಿ ಹಡಗುಗಳು ಬಂದರಿಗೆ ಬರುತ್ತಲೇ ಇದ್ದವು; ಸಿಬ್ಬಂದಿಯವರು ಕಾಗದ ಹಿಡಿದು, ಸ್ವಂತ ದೂರವಾಣಿಗಳನ್ನು ಬಳಸಿ ಕೆಲಸ ಸಾಗಿಸಿದರು. ಸರಕಿನ ಪ್ರಮಾಣ ಶೇಕಡಾ 20ರಷ್ಟು ಮಾತ್ರ ಕುಗ್ಗಿತೆಂದು ಅಧ್ಯಕ್ಷ ಸ್ನಾಬೆ ಅವರು 2018ರಲ್ಲಿ ತಿಳಿಸಿದರು. ಸಾತತ್ಯವೆಂಬುದು ಇದೇ.

ಇದರಿಂದ ಕೆಲವು ತತ್ತ್ವಗಳು ಫಲಿಸುತ್ತವೆ. ಮೂಲದೊಡನೆ ಸದಾ ಜೋಡಿಸಿಕೊಂಡಿರುವ ಪ್ರತಿಯು ಮೂಲಕ್ಕೆ ಒದಗಿದ ಕೇಡನ್ನೂ ಪ್ರತಿಮಾಡಿಕೊಳ್ಳುತ್ತದೆ. ಆದುದರಿಂದ ಒಂದು ಪ್ರತಿಯಾದರೂ ಜಾಲದಿಂದ ಹೊರಗಿರಬೇಕು. ಅದು ದೂರದಲ್ಲಿಯೂ ಇರಬೇಕು: 2021ನೆಯ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬೂರ್ಗಿನಲ್ಲಿ ಓವಿಎಚ್ ಸಂಸ್ಥೆಯ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದಾಗ, ಮೂಲವನ್ನೂ ಪ್ರತಿಯನ್ನೂ ಅಲ್ಲಿಯೇ ಇಟ್ಟಿದ್ದವರು ಎರಡನ್ನೂ ಕಳೆದುಕೊಂಡರು. ಇನ್ನು ಎಷ್ಟು ಹೊತ್ತು ಕಾಯಬಲ್ಲೆವು, ಎಷ್ಟು ಹೊತ್ತಿನ ದಾಖಲೆಯನ್ನು ಕಳೆದುಕೊಳ್ಳಬಲ್ಲೆವು ಎಂಬ ಎರಡು ಅಳತೆಗಳನ್ನು ಮೊದಲೇ ನಿಶ್ಚಯಿಸಬೇಕು. ಪ್ರತಿಗಳನ್ನು ಎಷ್ಟು ಸಲ ತೆಗೆಯಬೇಕೆಂಬುದು ಎರಡನೆಯ ಅಳತೆಯಿಂದಲೇ ನಿರ್ಧಾರವಾಗುತ್ತದೆ.

ಇದು ದೊಡ್ಡ ಸಂಸ್ಥೆಗಳಿಗಷ್ಟೇ ಸಂಬಂಧಿಸಿದ ವಿಚಾರವೆಂದು ನಾವು ಭಾವಿಸಲಾಗದು. ಕಾಲೇಜಿನ ಅಂಕಪಟ್ಟಿಗಳೂ ಸಂಶೋಧಕನ ವರ್ಷಗಳ ಶ್ರಮವೂ ಇಂದು ಕಂಪ್ಯೂಟರಿನೊಳಗಿವೆ. ವರ್ಷಕ್ಕೊಮ್ಮೆಯಾದರೂ ಪ್ರತಿಯನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡುವುದು ಕಷ್ಟದ ಕೆಲಸವೇನಲ್ಲ. ಹಾಗೆ ತೆರೆದು ನೋಡದ ಪ್ರತಿಯು ಕೇವಲ ನಂಬಿಕೆ. ಅದನ್ನು ರಕ್ಷಣೆಯೆಂದು ಎಣಿಸಲಾಗದು.