ಪಾಠಶಾಲೆ ಸೆರೆಮನೆಯಾದಾಗ

ವಿದ್ಯಾಲಯವು ಜ್ಞಾನದ ದೇಗುಲವೆಂಬ ಭಾವನೆ ಎಲ್ಲ ನಾಡುಗಳ ಜನರಲ್ಲಿಯೂ ಬೇರೂರಿದೆ. ಆದರೆ ಕಟ್ಟಡ, ಕಪ್ಪುಹಲಗೆ, ಅಧ್ಯಾಪಕ ಇವಿಷ್ಟರಿಂದಲೇ ವಿದ್ಯೆಯು ಮಂಗಳಕರವಾಗದೆಂಬುದಕ್ಕೆ ಕಾಂಬೋಡಿಯಾ ದೇಶದ ರಾಜಧಾನಿಯಾದ ನೋಮ್ ಪೆನ್ ನಗರದ ಒಂದು ಹಳೆಯ ಪ್ರೌಢಶಾಲೆ ಇಂದಿಗೂ ಸಾಕ್ಷಿಯಾಗಿ ನಿಂತಿದೆ.

1975ನೆಯ ಇಸವಿ ಏಪ್ರಿಲ್ 17ರಂದು ಪೋಲ್ ಪಾಟನ ನೇತೃತ್ವದ ಖ್ಮೇರ್ ರೂಜ್ ಪಡೆಗಳು ಆ ನಗರವನ್ನು ವಶಪಡಿಸಿಕೊಂಡವು. ಪಟ್ಟಣಗಳ ಜನರನ್ನೆಲ್ಲ ಹೊಲಗದ್ದೆಗಳ ದುಡಿಮೆಗೆ ಅಟ್ಟಲಾಯಿತು. ನಾಣ್ಯ ರದ್ದಾಯಿತು, ಶಾಲೆಗಳು ಮುಚ್ಚಿದವು, ವಿದ್ಯಾವಂತನಾಗಿರುವುದೇ ಅಪರಾಧವೆನಿಸಿತು. 1979ರ ಜನವರಿ 7ರಂದು ಆ ಆಳ್ವಿಕೆ ಕೊನೆಗಾಣುವಷ್ಟರಲ್ಲಿ ಹಸಿವು, ರೋಗ, ದುಡಿಮೆ ಹಾಗೂ ಹತ್ಯೆಗಳಿಂದ ಮಡಿದವರ ಸಂಖ್ಯೆ 17 ಲಕ್ಷದಿಂದ 22 ಲಕ್ಷದವರೆಗೆ ಇತ್ತೆಂದು ಅಂದಾಜು ಮಾಡಲಾಗಿದೆ.

ನೋಮ್ ಪೆನ್ನಿನ ಆ ಪ್ರೌಢಶಾಲೆಯ ಹೆಸರು ತೂಲ್ ಸ್ವಾಯ್ ಪ್ರೇ. ಕಾಡುಮಾವಿನ ದಿಬ್ಬವೆಂದು ಅದರ ಅರ್ಥ. 1976ರಲ್ಲಿ ಅದು ‘ಎಸ್-21’ ಎಂಬ ಗುಪ್ತ ಸೆರೆಮನೆಯಾಯಿತು. ಇಂದು ಆ ಸ್ಥಳವನ್ನು ಲೋಕವು ತೂಲ್ ಸ್ಲೆಂಗ್, ಅಂದರೆ ವಿಷವೃಕ್ಷದ ದಿಬ್ಬ, ಎಂಬ ಹೆಸರಿನಿಂದಲೇ ಅರಿತಿದೆ. ‘ಸ್ಲೆಂಗ್’ ಎಂಬುದು ನಮ್ಮ ನಾಡಿನ ಕಾಸರಕದ ಜಾತಿಯ ಮರ.

ಒಳಹೊಕ್ಕ ಸಂದರ್ಶಕನಿಗೆ ಮೊದಲು ತೋರುವುದು ಪರಿಚಿತ ದೃಶ್ಯವೇ: ಮೂರಂತಸ್ತಿನ ಕಟ್ಟಡಗಳು, ಉದ್ದನೆಯ ಮೊಗಸಾಲೆಗಳು, ನಡುವೆ ಅಂಗಳ. ಆದರೆ ಒಂದು ಮೊಗಸಾಲೆಯ ಮುಂಭಾಗಕ್ಕೆ ಮುಳ್ಳುತಂತಿಯ ಬಲೆ ಬಿಗಿದಿದೆ. ಬಂದಿಗಳು ಮೇಲಿನಿಂದ ಹಾರಿ ಪ್ರಾಣ ಬಿಡದಿರಲೆಂದು ಮಾಡಿದ ಏರ್ಪಾಡು ಅದು. ತರಗತಿಯ ಕೊಠಡಿಗಳನ್ನು ಒಬ್ಬನೇ ಮಲಗುವಷ್ಟು ಕಿರಿದಾದ ಗೂಡುಗಳಾಗಿ ಇಟ್ಟಿಗೆಯಿಂದ ಒಡೆಯಲಾಗಿದೆ. ಮತ್ತೊಂದೆಡೆ ಬರಿಯ ಕಬ್ಬಿಣದ ಮಂಚ, ಸರಪಳಿ. ಬೇರೆ ಕೊಠಡಿಗಳಲ್ಲಿ ಬಂದಿಗಳ ಭಾವಚಿತ್ರಗಳು ಸಾಲುಸಾಲಾಗಿವೆ. ಅವರಲ್ಲಿ ವೃದ್ಧರಿದ್ದಾರೆ, ಕೂಸನ್ನೆತ್ತಿಕೊಂಡ ತಾಯಂದಿರಿದ್ದಾರೆ, ಶಾಲಾ ವಯಸ್ಸಿನ ಬಾಲಕರಿದ್ದಾರೆ. ಇಲ್ಲಿಗೆ ತಂದವರು ಕನಿಷ್ಠ 12,000 ಮಂದಿ; ಬದುಕಿ ಉಳಿದವರು ಬೆರಳೆಣಿಕೆಯಷ್ಟು. ಅವರಲ್ಲೊಬ್ಬರಾದ ವಾನ್ ನಾಥ್ ಚಿತ್ರಕಾರರು. ಪೋಲ್ ಪಾಟನ ಚಿತ್ರ ಬರೆಯಬಲ್ಲರೆಂಬ ಕಾರಣಕ್ಕೆ ಅವರ ಜೀವ ಉಳಿಯಿತು. ತಾವು ಕಂಡುದನ್ನು ಅವರು ಮುಂದೆ ಚಿತ್ರಿಸಿದರು. ಆ ಚಿತ್ರಗಳೂ ಇಲ್ಲಿವೆ.

ಅಧ್ಯಾಪಕ ವೃಂದವನ್ನು ಹೆಚ್ಚು ಕಲಕುವ ಸಂಗತಿ ಬೇರೊಂದಿದೆ. ಈ ಸೆರೆಮನೆಯ ಮುಖ್ಯಸ್ಥನಾಗಿದ್ದ ಡುಚ್ ಎಂಬಾತ ಹಿಂದೆ ಗಣಿತದ ಉಪಾಧ್ಯಾಯ. ಪೋಲ್ ಪಾಟನೂ ಒಂದು ಕಾಲಕ್ಕೆ ಪಾಠ ಹೇಳಿದವನೇ. ಚಿತ್ರಹಿಂಸೆಯಿಂದ ಬರೆಯಿಸಿಕೊಂಡ ತಪ್ಪೊಪ್ಪಿಗೆಗಳನ್ನು ಡುಚ್ ಉತ್ತರಪತ್ರಿಕೆಗಳಂತೆ ಓದುತ್ತಿದ್ದನು. ಅಂಚಿನಲ್ಲಿ ಹಲವು ಬಾರಿ ಕೆಂಪು ಶಾಯಿಯಿಂದ ಟಿಪ್ಪಣಿ ಬರೆಯುತ್ತಿದ್ದನು. ಶಿಸ್ತು, ನಿಖರತೆ, ಶ್ರದ್ಧೆ ಯಾವುದರಲ್ಲಿಯೂ ಆತನಿಗೆ ಕೊರತೆಯಿರಲಿಲ್ಲ, ಇಲ್ಲದಿದ್ದುದು ದಯೆಯೊಂದೇ. ಅವನು ಜೋಪಾನವಾಗಿ ಇರಿಸಿದ ಆ ದಾಖಲೆಗಳೇ ಕೊನೆಗೆ ಅವನ ವಿರುದ್ಧ ಸಾಕ್ಷಿ ನುಡಿದವು. ವಿಶೇಷ ನ್ಯಾಯಾಲಯವು 2010ರಲ್ಲಿ ಅವನನ್ನು ಅಪರಾಧಿಯೆಂದು ಸಾರಿತು. 2012ರಲ್ಲಿ ಜೀವಾವಧಿ ಶಿಕ್ಷೆ ವಿಧಿಸಲಾಯಿತು. 2020ರಲ್ಲಿ ಅವನು ತೀರಿಕೊಂಡನು.

ಆ ಕಟ್ಟಡಗಳನ್ನು ಕೆಡವಿ ಕಹಿಯನ್ನು ಮರೆಯುವುದು ಸುಲಭವಾಗಿತ್ತು. ಕಾಂಬೋಡಿಯಾದ ಜನತೆ ಹಾಗೆ ಮಾಡದೆ ಅವುಗಳನ್ನು ಸಂಗ್ರಹಾಲಯವಾಗಿ ಉಳಿಸಿಕೊಂಡರು. 2009ರಲ್ಲಿ ಅದರ ದಾಖಲೆಗಳು ಯುನೆಸ್ಕೋದ ‘ವಿಶ್ವಸ್ಮೃತಿ’ ಪಟ್ಟಿಯನ್ನೂ, 2025ರಲ್ಲಿ ಆ ಸ್ಥಳವೇ ವಿಶ್ವಪರಂಪರೆಯ ಪಟ್ಟಿಯನ್ನೂ ಸೇರಿದವು. ಪಾಠ ನಿಂತುಹೋಗಿದ್ದ ಆ ಕೊಠಡಿಗಳಿಗೆ ಇಂದು ಆ ನಾಡಿನ ವಿದ್ಯಾರ್ಥಿಗಳು ಮತ್ತೆ ಬರುತ್ತಾರೆ, ತಮ್ಮ ಹಿರಿಯರಿಗೆ ಒದಗಿದ ಗತಿಯನ್ನು ಅರಿಯುವುದಕ್ಕಾಗಿ.

ಅರಿವು ಆಚಾರಗಳು ಒಂದನ್ನೊಂದು ಅಗಲಬಾರದೆಂಬುದು ಶರಣರ ನಿಲುವು. ಅಗಲಿದರೆ ಆಗುವುದೇನೆಂಬುದನ್ನು ತೂಲ್ ಸ್ಲೆಂಗಿನ ಗೋಡೆಗಳು ಹೇಳುತ್ತಿವೆ. ಗಣಿತ ಬಲ್ಲವನಿಗೆ ಹೆಣಗಳನ್ನೆಣಿಸಲೂ ಬಂದೀತು. ಎಣಿಕೆಯೊಳಗಿನ ಪ್ರತಿಯೊಂದೂ ಒಂದು ಜೀವವೆಂದು ಕಲಿಸುವ ಹೊಣೆ ಶಾಲೆಯದು.