ಒಂದು ಕೆಲಸ, ಮೂರೂಮುಕ್ಕಾಲು ಮಂದಿ

14 ಸಾವಿರ ಕೆಲಸಗಳಿಗೆ ಎಷ್ಟು ಜನ ಬೇಕು? 14 ಸಾವಿರ ಎಂದು ಥಟ್ಟನೆ ಉತ್ತರಿಸಿದಿರಾದರೆ, ನೀವು ದೊಡ್ಡ ಕಂಪನಿಗಳನ್ನು ಒಳಗಿನಿಂದ ನೋಡಿಲ್ಲ. ಅಮೆರಿಕದ ಡೆಟ್ರಾಯ್ಟ್ ಮಗ್ಗುಲಲ್ಲೇ ಇದ್ದ ಹೈಲ್ಯಾಂಡ್ ಪಾರ್ಕಿನ ಫೋರ್ಡ್ ಕಾರ್ಖಾನೆ ಅಷ್ಟು ಕೆಲಸಗಳನ್ನು ತುಂಬಲು 1913ರಲ್ಲಿ ನೇಮಿಸಿಕೊಂಡದ್ದು 52 ಸಾವಿರಕ್ಕೂ ಹೆಚ್ಚು ಮಂದಿಯನ್ನು! ಅಷ್ಟು ಜನರನ್ನು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ತುಂಬಲು ಹೋದರೆ ಕುರ್ಚಿಗಳೆಲ್ಲ ಭರ್ತಿಯಾಗಿ, ಉಳಿದವರ ಸಾಲು ಕಬ್ಬನ್ ಪಾರ್ಕಿನೊಳಗೆ ಹೊಕ್ಕೀತು.

ಅದೇ ವರ್ಷ ಕಾರ್ಖಾನೆಯಿಂದ ಹೊರಬಿದ್ದವರು ಸುಮಾರು 50 ಸಾವಿರ. ಶೇಕಡಾವಾರು ಲೆಕ್ಕದಲ್ಲಿ 370! ನೂರಕ್ಕೆ ನೂರು ಜನ ಬಿಟ್ಟರೆ ಕಾರ್ಖಾನೆ ಖಾಲಿ, ಅಲ್ಲವೇ? ಇಲ್ಲಿ ನೂರಕ್ಕೆ 370 ಜನ ಹೊರಬಿದ್ದರು. ಒಂದೊಂದು ಕೆಲಸದ ಜಾಗದಲ್ಲೂ ಒಂದು ವರ್ಷದಲ್ಲಿ ಮೂರೂಮುಕ್ಕಾಲು ಮಂದಿ ನಿಂತು ಹೋದ ಹಾಗಾಯಿತು. ಭಾಗಿಸಿ ನೋಡಿದರೆ ತಲಾ 98 ದಿನ. ಯುಗಾದಿಗೆ ಸೇರಿದವನು ಆಷಾಢದ ಗಾಳಿ ಏಳುವ ಹೊತ್ತಿಗೆ ಗೇಟು ದಾಟಿರುತ್ತಿದ್ದ.

ಇದಕ್ಕಿಂತ ವಿಚಿತ್ರವಾದ ಅಂಕಿ ಇನ್ನೊಂದಿದೆ, ನನಗೆ ತುಂಬ ಇಷ್ಟವಾದದ್ದು: 963. ಆ ವರ್ಷದ ಕೊನೆಯ ಹೊತ್ತಿಗೆ ಕಾರ್ಖಾನೆಗೆ 100 ಹೊಸಬರು ಬೇಕೆಂದರೆ 963 ಜನರನ್ನು ಸೇರಿಸಿಕೊಳ್ಳಬೇಕಾಗಿತ್ತು. ನಮ್ಮ ಕೆಂಪು ಬಸ್ಸುಗಳಲ್ಲಿ ಊಹಿಸಿಕೊಳ್ಳಿ. 19 ಬಸ್ಸು ಭರ್ತಿ ಜನ ಬಂದಿಳಿಯುತ್ತಾರೆ. 17 ಬಸ್ಸು ಭರ್ತಿ ಜನ ಹಾಗೇ ಹತ್ತಿ ವಾಪಸ್ ಹೋಗುತ್ತಾರೆ. ಉಳಿಯುವುದು ಎರಡು ಬಸ್ಸಿನವರು. ಉಳಿದವರೂ ದಿನಾ ಬರುತ್ತಿದ್ದರೆ? ಅದೂ ಇಲ್ಲ. ದಿನವೂ ಹತ್ತರಲ್ಲಿ ಒಬ್ಬ ಗೈರು.

ಅಂಥದ್ದೇನಾಗಿತ್ತು ಅಲ್ಲಿ? ಕಾರಣ ಕೇಳಿದರೆ ನಾನು ಇನ್ನೆರಡು ಅಂಕಿ ಕೊಡಬಲ್ಲೆ, ಅಷ್ಟೆ. ಒಂದು ಕಾರಿನ ಅಡಿಗಟ್ಟು ಜೋಡಿಸಲು ಮೊದಲು ಹನ್ನೆರಡೂವರೆ ತಾಸು ಹಿಡಿಯುತ್ತಿತ್ತು; ಕಾರನ್ನು ಕಾರ್ಮಿಕರ ಮುಂದೆ ತರುವ ಚಲಿಸುವ ಪಟ್ಟಿ ಬಂದ ಮೇಲೆ, ವರ್ಷ ತುಂಬುವುದರೊಳಗೆ, ಅದು 93 ನಿಮಿಷಕ್ಕೆ ಇಳಿಯಿತು. ಒಂದು ಆಗುತ್ತಿದ್ದ ಹೊತ್ತಿನಲ್ಲಿ ಎಂಟು! ಅಡಿಗಟ್ಟು ಎಂಟು ಪಟ್ಟು ಬೇಗ ಹೊರಬಂತು, ಜನವೂ ಬೇಗ ಬೇಗ ಹೊರಬಂದರು.

1914ರ ಜನವರಿ 5ರಂದು ಫೋರ್ಡ್ ಒಂದು ಘೋಷಣೆ ಮಾಡಿದರು. ಒಂಬತ್ತು ತಾಸಿಗೆ 2.34 ಡಾಲರ್ ಇದ್ದ ದಿನಗೂಲಿ ಇನ್ನು ಎಂಟು ತಾಸಿಗೆ 5 ಡಾಲರ್. ದುಡಿಮೆ ಒಂದು ತಾಸು ಕಡಿಮೆ, ಹಣ ಎರಡು ಪಟ್ಟಿಗೂ ಮೇಲೆ. ಕೊರೆಯುವ ಚಳಿಯಲ್ಲಿ ಗೇಟಿನ ಮುಂದೆ 10 ಸಾವಿರ ಜನ ನೆರೆದರು. ನೂಕುನುಗ್ಗಲು ಹತೋಟಿಗೆ ಬಾರದೆ ಕೊನೆಗೆ ಅವರ ಮೇಲೆ ಪೈಪಿನಿಂದ ನೀರು ಹಾರಿಸಿದರು. ಹಿಂದಿನ ವರ್ಷ ಹತ್ತಾರು ಸಾವಿರ ಜನ ಬೇಡವೆಂದು ಬಿಸಾಕಿ ಹೋದ ಅದೇ ಕೆಲಸಕ್ಕಾಗಿ, ಚಳಿಗಾಲದಲ್ಲಿ ತೊಯ್ದು ತೊಪ್ಪೆಯಾಗಿ ನಿಂತವರು ಇವರು! 370 ಇದ್ದ ಶೇಕಡಾವಾರು 1915ಕ್ಕೆ 16ಕ್ಕೆ ಬಿತ್ತು.

ಹಾಗಾದರೆ ದುಡ್ಡಿನಿಂದ ಎಲ್ಲ ಸರಿಹೋಗುತ್ತದೆ ಅನ್ನಬೇಡಿ, ಮುಂದಿನ ಅಂಕಿ 36. ಒಹಾಯೊ ರಾಜ್ಯದ ಲಾರ್ಡ್ಸ್‌ಟೌನ್‌ನಲ್ಲಿದ್ದ ಜನರಲ್ ಮೋಟಾರ್ಸ್ ಕಾರ್ಖಾನೆಯ ಕೂಲಿ 1972ರ ಕಾಲಕ್ಕೆ ಚೆನ್ನಾಗಿಯೇ ಇತ್ತು. ಆದರೆ ಅಲ್ಲಿ ತಾಸಿಗೆ 100 ಕಾರು, ಅಂದರೆ ಒಬ್ಬೊಬ್ಬ ಕಾರ್ಮಿಕನಿಗೂ ಒಂದು ಕಾರಿಗೆ ಸಿಗುತ್ತಿದ್ದುದು 36 ಸೆಕೆಂಡು. ನೀವು ಬಿಸಿ ಕಾಫಿಗೆ ಊದಿ, ಒಂದು ಗುಟುಕು ಹೀರಿ, ಸಕ್ಕರೆ ಕಡಿಮೆ ಎಂದು ಗೊಣಗುವಷ್ಟರಲ್ಲಿ ಒಂದು ಕಾರು ಮುಂದೆ ಹೋಗಿ ಇನ್ನೊಂದು ಬಂದು ನಿಂತಿರುತ್ತಿತ್ತು. ಪಾಳಿಗೆ 800 ಸಲ ಅದೇ ಬೋಲ್ಟು. 250 ದಿನಕ್ಕೆ 2 ಲಕ್ಷ ಸಲ. ಹತ್ತು ವರ್ಷ ಉಳಿದರೆ 20 ಲಕ್ಷ ಸಲ ಅದೇ ಕೈ, ಅದೇ ತಿರುವು! ಆ ವರ್ಷ ಮುಷ್ಕರಕ್ಕೆ ಮತ ಹಾಕಿಸಿದಾಗ ನೂರಕ್ಕೆ 97 ಮಂದಿ ಹೂಂ ಅಂದರು. ನನಗೆ ಕುತೂಹಲ ಆ ಉಳಿದ ಮೂವರ ಬಗ್ಗೆ.

ಈಗ ಊರಿಗೆ ಬರೋಣ. ಬೆಂಗಳೂರಿನ ಇನ್ಫೋಸಿಸ್‌ನಲ್ಲಿ 2022ರ ಜೂನ್ ಕೊನೆಗೆ ಇದ್ದ ನೌಕರರು 3,35,186. 2011ರ ಜನಗಣತಿಯಲ್ಲಿ ಶಿವಮೊಗ್ಗ ನಗರದ ಜನಸಂಖ್ಯೆ 3.22 ಲಕ್ಷ. ಅಂದರೆ ಇಡೀ ಶಿವಮೊಗ್ಗ, ತೊಟ್ಟಿಲ ಕೂಸಿನಿಂದ ಹಿಡಿದು ಜಗಲಿಯ ಮೇಲೆ ಕೂತ ಅಜ್ಜನವರೆಗೆ, ಒಂದೇ ಕಂಪನಿಯ ಬ್ಯಾಡ್ಜು ಹಾಕಿಕೊಂಡರೂ ಲೆಕ್ಕಕ್ಕೆ ಇನ್ನೂ ಕೆಲವು ಸಾವಿರ ತಲೆ ಕಡಿಮೆ. ಆ ಹೊತ್ತಿಗೆ ಹಿಂದಿನ ಹನ್ನೆರಡು ತಿಂಗಳಲ್ಲಿ ತಾವಾಗಿ ಕೆಲಸ ಬಿಟ್ಟವರ ಪ್ರಮಾಣ ಶೇ. 28.4. ಕ್ಯಾಂಟೀನಿನಲ್ಲಿ ಏಳು ಜನ ಒಟ್ಟಿಗೆ ಊಟಕ್ಕೆ ಕೂತರೆ, ವರ್ಷದೊಳಗೆ ಇಬ್ಬರು ಪೇಪರ್ ಹಾಕಿದರು ಎಂದೇ ಅರ್ಥ. (ಎಲ್ಲರೂ ಬೇಸರದಿಂದಲೇ ಬಿಟ್ಟರು ಎನ್ನಲಾರೆ, ಪಕ್ಕದ ಕಟ್ಟಡದಲ್ಲಿ ಜಾಸ್ತಿ ಸಂಬಳ ಕೊಡುತ್ತಿದ್ದ ಕಾಲ ಅದು.) ಅಷ್ಟು ಜನ ಹೋದ ಮೇಲೂ ಒಟ್ಟು ಸಂಖ್ಯೆ ಅದೇ ಅವಧಿಯಲ್ಲಿ ಸುಮಾರು 67 ಸಾವಿರದಷ್ಟು ಏರಿತ್ತು! ತಳದಲ್ಲಿ ತೂತಿರುವ ಕೊಡ ತುಂಬಿ ತುಳುಕಿದ ಹಾಗೆ. ಇನ್ನೊಂದು ಮಾತು. ನಮ್ಮ ಐಟಿ ಕಂಪನಿಗಳಲ್ಲಿ ರೂಢಿಯಾಗಿರುವ ನೋಟಿಸ್ ಅವಧಿ 90 ದಿನ. 1913ರ ಫೋರ್ಡ್ ಕಾರ್ಮಿಕನ ಇಡೀ ಸೇವಾವಧಿ 98 ದಿನ. ಅವನು ಸೇರಿ, ದುಡಿದು, ರೋಸಿ, ಬಿಟ್ಟು ಹೋಗಲು ತೆಗೆದುಕೊಂಡಷ್ಟು ಕಾಲ ನಮ್ಮವರಿಗೆ ಬರೀ ಹೊರಡುವುದಕ್ಕೇ ಬೇಕು.

3 ಲಕ್ಷ ದೊಡ್ಡದಾಯಿತೇ? 2021ರ ಕೊನೆಗೆ ಅಮೆಜಾನ್ ನೌಕರರು 16 ಲಕ್ಷ. ಮೀಟರಿಗೊಬ್ಬರಂತೆ ನಿಲ್ಲಿಸಿದರೆ ಸಾಲು ಬೆಂಗಳೂರಿನಿಂದ ಬೀದರಿಗೆ ಹೋಗಿ, ತಿರುಗಿ ಬೆಂಗಳೂರಿಗೆ ಬಂದು, ಇನ್ನೂ 200 ಕಿಲೋಮೀಟರ್ ಮಿಗುತ್ತದೆ. ಅಮೆರಿಕದಲ್ಲಿ ಅದರ ಗಂಟೆ ಲೆಕ್ಕದ ನೌಕರರು ಕೋವಿಡ್‌ಗೆ ಮೊದಲು ವರ್ಷಕ್ಕೆ ಶೇ. 150ರಷ್ಟು ಬದಲಾಗುತ್ತಿದ್ದರು ಎಂದು ಪತ್ರಿಕೆಗಳು ಬರೆದವು. ಎಂಟು ತಿಂಗಳಿಗೊಮ್ಮೆ ಇಡೀ ಪಡೆಯೇ ಹೊಸದು! ಕಂಪನಿಯೊಳಗಿನ 2021ರ ಒಂದು ಟಿಪ್ಪಣಿ ಮರುವರ್ಷ ಬಯಲಾಯಿತು. ಹೀಗೇ ನಡೆದರೆ 2024ರ ಹೊತ್ತಿಗೆ ಅಮೆರಿಕದ ಗೋದಾಮುಗಳಿಗೆ ಸೇರಿಸಿಕೊಳ್ಳಲು ಜನವೇ ಮುಗಿದುಹೋಗಬಹುದು ಎಂಬ ಎಚ್ಚರಿಕೆ ಅದರಲ್ಲಿತ್ತು. ಕಲ್ಲಿದ್ದಲು ಮುಗಿಯುತ್ತದೆ, ಪೆಟ್ರೋಲ್ ಮುಗಿಯುತ್ತದೆ ಎಂದು ಕೇಳಿದ್ದೆವು. ಮನುಷ್ಯರೇ ಮುಗಿಯುವುದೆಂದರೆ!

ಇಡೀ ಅಮೆರಿಕವನ್ನೇ ತೆಗೆದುಕೊಳ್ಳಿ. 2021ರ ನವೆಂಬರ್ ಒಂದೇ ತಿಂಗಳಲ್ಲಿ ಸುಮಾರು 45 ಲಕ್ಷ ರಾಜೀನಾಮೆ. ದಿನಕ್ಕೆ ಒಂದೂವರೆ ಲಕ್ಷ, ನಿಮಿಷಕ್ಕೆ 104, ಸೆಕೆಂಡಿಗೆ ಒಂದೂಮುಕ್ಕಾಲು. ಲಾರ್ಡ್ಸ್‌ಟೌನ್‌ನಲ್ಲಿ ಒಂದು ಕಾರಿಗೆ ಹಿಡಿಯುತ್ತಿದ್ದ ಆ 36 ಸೆಕೆಂಡಿನಲ್ಲಿ 62 ರಾಜೀನಾಮೆ ಮೇಜಿಗೆ ಬಿದ್ದಿರುತ್ತಿತ್ತು.

ಬಿಟ್ಟು ಹೋದವರ ಕತೆ ಇದಾಯಿತು. ಬಿಡದೆ, ಬೇಸರದಲ್ಲೇ ಕೂತಿರುವವರ ಲೆಕ್ಕ ಇನ್ನೂ ಘನವಾದದ್ದು. ಗ್ಯಾಲಪ್ ಸಂಸ್ಥೆ 2023ರಲ್ಲಿ ಜಗತ್ತಿನ ನೌಕರರನ್ನು ಕೇಳಿ ನೋಡಿದಾಗ, ಮನಸ್ಸಿಟ್ಟು ದುಡಿಯುವವರು ಶೇ. 23, ಮನಸ್ಸಿಲ್ಲದೆ ದಿನ ದೂಡುವವರು ಶೇ. 62, ಒಳಗೊಳಗೇ ಕುದಿಯುವವರು ಶೇ. 15. ಹನ್ನೊಂದು ಜನರ ಕ್ರಿಕೆಟ್ ತಂಡ ಅಂದುಕೊಂಡರೆ ಎರಡೂವರೆ ಮಂದಿ ಆಡುತ್ತಿದ್ದಾರೆ, ಏಳು ಮಂದಿ ಚಹಾ ವಿರಾಮ ಯಾವಾಗ ಎಂದು ನೋಡುತ್ತಿದ್ದಾರೆ, ಉಳಿದ ಒಂದೂವರೆ ಮಂದಿ ತಮ್ಮದೇ ತಂಡದ ಸ್ಟಂಪು ಕೀಳುತ್ತಿದ್ದಾರೆ.

ಇದರಿಂದ ಜಗತ್ತಿಗಾಗುವ ನಷ್ಟ, ಅದೇ ಸಂಸ್ಥೆಯ ಅಂದಾಜಿನಲ್ಲಿ, ವರ್ಷಕ್ಕೆ 8.9 ಲಕ್ಷ ಕೋಟಿ ಡಾಲರ್. ಜಗತ್ತಿನ ಒಟ್ಟು ಉತ್ಪನ್ನದ ಶೇ. 9! ರೂಪಾಯಿಗೆ ತಿರುಗಿಸಿದರೆ 700 ಲಕ್ಷ ಕೋಟಿಗೂ ಮೇಲೆ. 2023–24ರ ಕೇಂದ್ರ ಬಜೆಟ್ 45 ಲಕ್ಷ ಕೋಟಿ, ಅಂಥ ಹದಿನಾರು ಬಜೆಟ್ ಒಟ್ಟಿಗೆ. ಒಂದು ಡಾಲರಿನ ನೋಟುಗಳಲ್ಲಿ ತಂದು ಒಂದರ ಮೇಲೊಂದು ಪೇರಿಸಿದರೆ ಆ ಗೋಪುರ ಚಂದ್ರನನ್ನು ಮುಟ್ಟಿ, ಭೂಮಿಗೆ ವಾಪಸ್ ಬಂದು, ಮತ್ತೆ ಚಂದ್ರನ ಅರ್ಧ ದಾರಿ ಕ್ರಮಿಸುತ್ತದೆ.

ತೂಗಿ ನೋಡೋಣ. ಒಂದು ನೋಟು ಒಂದು ಗ್ರಾಂ. ಒಟ್ಟು 890 ಕೋಟಿ ಕಿಲೋ. 5 ಟನ್ ತೂಗುವ ದಸರಾ ಆನೆ ಎಂದುಕೊಂಡರೆ 17 ಲಕ್ಷ 80 ಸಾವಿರ ಆನೆ; ಏಷ್ಯಾದ ಆನೆಗಳು ಭೂಮಿಯ ಮೇಲೆ ಉಳಿದಿರುವುದೇ 50 ಸಾವಿರದ ಆಸುಪಾಸು. ಇರಲಿ, ಎಲ್ಲಿಂದಲೋ ತಂದೆವು, ಮೈಸೂರು ಅರಮನೆಯ ಮುಂದೆ ಜಂಬೂಸವಾರಿಗೆ ನಿಲ್ಲಿಸಿದೆವು. ಹತ್ತು ಮೀಟರಿಗೆ ಒಂದು ಆನೆ, ತಾಸಿಗೆ ಎರಡು ಕಿಲೋಮೀಟರ್ ಗಜಗಮನ. ಹಗಲು ರಾತ್ರಿ ಬಿಡದೆ ನಡೆಸಿದರೂ, ಒಂದು ವರ್ಷ ತುಂಬಿದ ದಿನ ಅರಮನೆಯ ಬಾಗಿಲಲ್ಲಿ ಇನ್ನೂ 28 ಸಾವಿರ ಆನೆಗಳು ಕಿವಿ ಬೀಸುತ್ತ ತಮ್ಮ ಸರದಿಗೆ ಕಾಯುತ್ತಿರುತ್ತವೆ.